ಅಮಿಶ್ ಆಗಬೇಕೆಂದು ಹೊರಟವರು

ಒಹಾಯೊದಲ್ಲಿರುವ ಕನ್ನಡದವರಲ್ಲಿ ಒಂದು ವಾಡಿಕೆ. ಊರಿನಿಂದ ಅಪ್ಪ ಅಮ್ಮ ಬಂದರೆ ನಯಾಗರಾ ಆಯಿತು, ದೇವಸ್ಥಾನ ಆಯಿತು, ಇನ್ನೊಂದು ಶನಿವಾರ ಹೋಮ್ಸ್ ಕೌಂಟಿ. ಕಾರು, ಕಂಬದ ಕರೆಂಟು ಬೇಡವೆಂದು ಸಾದಾ ಬದುಕು ನಡೆಸುವ ಅಮಿಶ್ ಅನ್ನುವ ಕ್ರೈಸ್ತ ಪಂಗಡದವರ ಸೀಮೆ ಅದು. ಬರ್ಲಿನ್, ವಾಲ್ನಟ್ ಕ್ರೀಕ್, ಚಾರ್ಮ್ ಅನ್ನುವ ಪುಟ್ಟ ಊರುಗಳ ಏರಿಳಿತದ ರಸ್ತೆಯಲ್ಲಿ ಕಪ್ಪು ಕುದುರೆಗಾಡಿಗಳ ಹಿಂದೆ ಕಾರನ್ನು ನಿಧಾನ ಮಾಡಿಕೊಂಡು, ಚೀಸು ಜಾಮು ಕೊಂಡು, ಅಂಗಳದ ತಂತಿಯ ಮೇಲೆ ಸಾಲಾಗಿ ಒಣಗುವ ನೀಲಿ ನೇರಳೆ ಬಟ್ಟೆಗಳನ್ನು ನೋಡಿಕೊಂಡು ಬರುವುದು. ವಾಪಸು ಬರುವಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಬದುಕಿದ್ರೆ ಹಿಂಗ್ ಬದುಕಬೇಕು ನೋಡಿ." ಉಳಿದವರು ಹೂಂಗುಡುತ್ತಾರೆ. ಹೆದ್ದಾರಿ ಸಿಗುವ ಹೊತ್ತಿಗೆ ಎಲ್ಲರ ಕೈಯಲ್ಲೂ ಫೋನು.

ಇದು ಬರೀ ಬಾಯಿಮಾತಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ನನ್ನ ಗೆಳೆಯನೊಬ್ಬನಿಗೆ ಇದು ಬಾಯಿಮಾತಾಗಿ ಉಳಿಯಲಿಲ್ಲ. ಕಂಪನಿ ಜನರನ್ನು ತೆಗೆಯುತ್ತಿದ್ದ ಕಾಲ, ರಾತ್ರಿ ಎರಡಕ್ಕೆಲ್ಲ ಮೀಟಿಂಗು, ಮಗಳು ಊಟಕ್ಕೆ ಕೂತರೂ ಐಪ್ಯಾಡ್ ಬಿಡುತ್ತಿರಲಿಲ್ಲ. ಒಂದು ದಿನ ತೀರಾ ಗಂಭೀರವಾಗಿ ಕೇಳಿದ: "ಹೊರಗಿನವರನ್ನ ಅವರು ಸೇರಿಸ್ಕೋತಾರೇನೋ?" ಅವನ ಹೆಂಡತಿ ಅಡುಗೆಮನೆಯಿಂದಲೇ, "ಸೇರಿಸ್ಕೊಂಡ್ರೆ ಸೋಮವಾರದ ಬಟ್ಟೆ ಇವರೇ ಒಗೀಲಿ" ಅಂದಳು. ಅಮಿಶ್ ಮನೆಗಳಲ್ಲಿ ಬಟ್ಟೆ ಒಗೆಯುವ ದಿನ ಸೋಮವಾರ. ಹಿಂಡುವ ರೋಲರಿನ ಹಳೇ ಮಾದರಿಯ ಮೆಷಿನ್ನು, ಅದಕ್ಕೊಂದು ಪೆಟ್ರೋಲ್ ಎಂಜಿನ್ನೋ ಗಾಳಿಯೊತ್ತಡದ ಮೋಟರೋ, ಒಂದು ಡಜನ್ ಜನರ ಬಟ್ಟೆ. ಈ ಇಡೀ ವಿಷಯದಲ್ಲಿ ನಾನು ಕೇಳಿದ ಅತ್ಯಂತ ವಿವೇಕದ ಮಾತು ಅವಳದ್ದೇ ಇರಬೇಕು. ಅದಿರಲಿ.

ಅವನ ಪ್ರಶ್ನೆಗೆ ಉತ್ತರ: ಹೌದು, ಸೇರಿಸಿಕೊಳ್ಳುತ್ತಾರೆ. ಜಾತಿ ಕುಲ ಕೇಳಿ ಬಾಗಿಲು ಹಾಕುವ ನಿಯಮ ಅವರಲ್ಲಿಲ್ಲ. ಬನ್ನಿ ಅಂತ ಕರೆಯುವವರೂ ಇಲ್ಲ. ಧರ್ಮಪ್ರಚಾರಕ್ಕೆ ಮನೆಮನೆ ಸುತ್ತುವುದು ಹಳೆಯ ಕ್ರಮದ ಅಮಿಶರ ಪದ್ಧತಿಯಲ್ಲ. ಎಲಿಜಬೆತ್‌ಟೌನ್ ಕಾಲೇಜಿನ ಯಂಗ್ ಸೆಂಟರ್ ವರ್ಷ ವರ್ಷ ಕಟ್ಟುವ ಅಂದಾಜಿನಲ್ಲಿ 2024ರ ಹೊತ್ತಿಗೆ ಅವರ ಸಂಖ್ಯೆ 4 ಲಕ್ಷ ಮುಟ್ಟಿತು. ಸುಮಾರು 20 ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತ ಬಂದಿರುವ ಜನ. ಅಷ್ಟೂ ಬೆಳವಣಿಗೆ ತೊಟ್ಟಿಲಿನಿಂದ ಬಂದದ್ದು: ಮನೆ ತುಂಬ ಮಕ್ಕಳು, ಆ ಮಕ್ಕಳಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಮಂದಿ ದೊಡ್ಡವರಾಗಿ ಅದೇ ಸಭೆಗೆ ಸೇರುತ್ತಾರೆ. ಹೊರಗಿನಿಂದ ಬಂದು ಸೇರಿ, ಕೊನೆತನಕ ಉಳಿದವರು ಆ ಲೆಕ್ಕದಲ್ಲಿ ಕಣ್ಣಿಗೆ ಕಾಣಿಸುವಷ್ಟೂ ಇಲ್ಲ.

ಯಾಕಿಲ್ಲ ಅನ್ನುವುದನ್ನು ಕೆದಕುತ್ತ ಹೋದಾಗ ಮೊದಲು ಬಿದ್ದುಹೋದದ್ದು ನನ್ನ ತಲೆಯಲ್ಲಿದ್ದ ಚಿತ್ರ. ಅಮಿಶ್ ಅಂದರೆ ನೇಗಿಲು, ಹಸು, ಕುದುರೆ ಅಂತ ನಾವು ಅಂದುಕೊಂಡಿರುತ್ತೇವೆ. ಉತ್ತರ ಇಂಡಿಯಾನಾದ ಎಲ್ಕಾರ್ಟ್, ಲಗ್ರೇಂಜ್ ಕಡೆ ನೋಡಿದರೆ ಅಮಿಶ್ ಗಂಡಸರು ದೊಡ್ಡ ಸಂಖ್ಯೆಯಲ್ಲಿ ಬೆಳಗಿನ ಪಾಳಿಗೆ ಹೋಗುವುದು ಕಾರ್ಖಾನೆಗಳಿಗೆ. ಅಲ್ಲಿ ತಯಾರಾಗುವುದು ಅಮೆರಿಕದ ಬೇರೆ ಜನ ರಜೆಯಲ್ಲಿ ಓಡಿಸಿಕೊಂಡು ಹೋಗುವ, ಮನೆಯಂಥ ಮೋಟಾರುಗಾಡಿಗಳು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಜಮೀನಿನ ಬೆಲೆ ಏರಿ ಏರಿ, ಮಕ್ಕಳೆಲ್ಲರಿಗೂ ಹೊಲ ಕೊಡುವುದು ಆಗದ ಮಾತಾಗಿದೆ. ಮರಗೆಲಸ, ಚಾವಣಿ ಕೆಲಸ, ಪೀಠೋಪಕರಣದ ಅಂಗಡಿ, ಫಿಲಡೆಲ್ಫಿಯಾದ ಪೇಟೆಯಲ್ಲಿ ತಿಂಡಿ ಮಾರುವುದು, ಹೀಗೆ ಎಲ್ಲ ಉಂಟು. ಹೋಮ್ಸ್ ಕೌಂಟಿಯ ರಸ್ತೆಯಲ್ಲಿ ಗಡ್ಡದ ಯಜಮಾನರು ಬ್ಯಾಟರಿ ಸೈಕಲ್ಲಿನಲ್ಲಿ ಸರ್ರನೆ ಹೋಗುವುದನ್ನು ನೋಡಿ ನನ್ನ ಅತ್ತೆಗೆ ನಿರಾಸೆಯೇ ಆಗಿಬಿಟ್ಟಿತು, ಯಾರೋ ಟಿಕೆಟಿನ ದುಡ್ಡಿಗೆ ಮೋಸ ಮಾಡಿದ ಹಾಗೆ.

ಲ್ಯಾಂಕಾಸ್ಟರ್‌ನಲ್ಲಾದರೆ ಸೈಕಲ್ಲಿಗೂ ಒಪ್ಪಿಗೆಯಿಲ್ಲ. ಕಾಲಲ್ಲಿ ಒದ್ದು ಓಡಿಸುವ ಸ್ಕೂಟರು ಮಾತ್ರ. ಕಾರು ಸ್ವಂತಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ, ಡ್ರೈವರ್ ಸಮೇತ ಬಾಡಿಗೆಗೆ ಹಿಡಿಯಬಹುದು. ಕಂಬದ ಕರೆಂಟು ಮನೆಯೊಳಗೆ ಬರಬಾರದು, ಬ್ಯಾಟರಿಯೂ ಸೋಲಾರೂ ಅನೇಕ ಕಡೆ ನಡೆಯುತ್ತದೆ. ಫೋನು ಅಡುಗೆಮನೆಯಲ್ಲಿ ಬೇಡ, ಹೊಲದ ಅಂಚಿನಲ್ಲಿ ಮರದ ಗೂಡು ಕಟ್ಟಿ ಇಟ್ಟುಕೊಳ್ಳಬಹುದು. ನಮ್ಮವರು ಇದನ್ನು ನೋಡಿ "ಆಷಾಢಭೂತಿತನ" ಅಂದುಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಂತ್ರ ಕೆಟ್ಟದ್ದು ಅನ್ನುವ ಸಿದ್ಧಾಂತ ಅವರಿಗಿಲ್ಲ. ಮನೆಮನೆಗೂ ಕಾರು ಬಂದರೆ ಜನ ಎಲ್ಲೆಲ್ಲಿ ಚದುರುತ್ತಾರೆ, ಊಟದ ಹೊತ್ತಿಗೆ ಫೋನು ಹೊಡೆದುಕೊಂಡರೆ ಏನಾಗುತ್ತದೆ ಅಂತ ಸಭೆಯವರೆಲ್ಲ ಕೂತು ಲೆಕ್ಕ ಹಾಕುತ್ತಾರೆ. ಪ್ರತಿ ಸಭೆಯೂ 20ರಿಂದ 40 ಮನೆಗಳ ಒಂದು ಘಟಕ. ವರ್ಷಕ್ಕೆರಡು ಸಲ, ಪ್ರಭುಭೋಜನ ಅನ್ನುವ ಆರಾಧನೆಗೆ ಮೊದಲು, ಆರ್ಡ್‌ನುಂಗ್ ಅಂತ ಅವರು ಕರೆಯುವ ಕಟ್ಟಳೆಯನ್ನು ಎಲ್ಲರ ಮುಂದೆ ನೆನಪಿಸಿ, ಒಪ್ಪಿಗೆ ಕೇಳುತ್ತಾರೆ. ಬಹುಪಾಲು ಕಡೆ ಅದು ಪುಸ್ತಕದಲ್ಲಿಲ್ಲ, ರೂಢಿಯಲ್ಲಿದೆ. ಟೋಪಿಯ ಅಂಚು ಎಷ್ಟಗಲ, ಗಾಡಿಯ ಬಣ್ಣ ಯಾವುದು ಅನ್ನುವುದರ ತನಕ.

ನನ್ನ ಗೆಳೆಯನಂಥವರು ಎಡವುವುದು ಇಲ್ಲೇ. ಅವನು ಟೀವಿ ಬಿಟ್ಟಿದ್ದಾನೆ, ಫೇಸ್‌ಬುಕ್ ಬಿಟ್ಟಿದ್ದಾನೆ, ಎಲ್ಲವನ್ನೂ ತಾನೇ ಯೋಚಿಸಿ, ತಾನೇ ತೂಗಿ ಬಿಟ್ಟದ್ದು. ಆ ಅಭ್ಯಾಸವೇ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಮಿಶನೊಬ್ಬ ಕಾರು ಬಿಟ್ಟಿರುವುದು ಅವನ ವೈಯಕ್ತಿಕ ತೀರ್ಮಾನದಿಂದಲ್ಲ; ಅದು ಅವನ ತೀರ್ಮಾನಕ್ಕೆ ಬಿಟ್ಟ ಸಂಗತಿಯೇ ಅಲ್ಲ. ನಾಳೆ ಸಭೆ ಬ್ಯಾಟರಿ ಸೈಕಲ್ಲಿಗೆ ಹೂಂ ಅಂದರೆ, ಅದು ತಪ್ಪು ಅಂತ ಇವನಿಗೆ ಎಷ್ಟೇ ಅನಿಸಿದರೂ ಬಾಯಿ ಮುಚ್ಚಿಕೊಂಡಿರಬೇಕು. ಹೊರಗಿನಿಂದ ಬಂದವರಲ್ಲಿ ಅನೇಕರು ಕಟ್ಟಳೆ ಬಿಗಿಯಾಯಿತು ಅಂತ ಓಡಿಹೋಗುವುದಿಲ್ಲ. ಸಡಿಲವಾಯಿತು ಅಂತ ಬೇಸರಪಟ್ಟು ಹೋಗುತ್ತಾರೆ. ಹುಟ್ಟು ಅಮಿಶರಿಗೆ ಇದು ಮನೆ. ಅಲ್ಲಿ ಕೊಂಚ ಕೊಂಕು, ಕೊಂಚ ನಗೆಚಾಟಿಕೆ, ಹುಡುಗರ ಜೇಬಲ್ಲಿ ಕದ್ದುಮುಚ್ಚಿ ಇಟ್ಟುಕೊಂಡ ಫೋನು ಎಲ್ಲ ಇರುತ್ತದೆ. ಬಂದವನಿಗೆ ಅದು ಆದರ್ಶ, ಆದರ್ಶದಲ್ಲಿ ಬಿರುಕು ಕಂಡರೆ ತಡೆಯುವುದಿಲ್ಲ.

ಸರಿ, ಅಷ್ಟೆಲ್ಲ ಗೊತ್ತಿದ್ದೂ ಒಬ್ಬ ಹೊರಟ ಅಂತಿಟ್ಟುಕೊಳ್ಳೋಣ. ಅರ್ಜಿ ಫಾರಂ ಇಲ್ಲ, ಕಚೇರಿ ಇಲ್ಲ. ಪರಿಚಯದ ಕುಟುಂಬವೊಂದು ಬೇಕು. ಪತ್ರ ಬರೆಯಬೇಕು, ಹೋಗಿ ಬರಬೇಕು, ಕೊನೆಗೆ ಹತ್ತಿರದಲ್ಲೇ ಮನೆ ಮಾಡಿ ಅವರ ನಡುವೆ ಕೆಲಸ ಹುಡುಕಿಕೊಳ್ಳಬೇಕು. ಭಾನುವಾರ ಬಿಟ್ಟು ಭಾನುವಾರ ಯಾರದಾದರೂ ಮನೆಯಲ್ಲೋ ಕೊಟ್ಟಿಗೆಯಲ್ಲೋ ಆರಾಧನೆ. ಬೆಂಚುಗಳನ್ನು ಗಾಡಿಯಲ್ಲಿ ಹೇರಿಕೊಂಡು ಮನೆಯಿಂದ ಮನೆಗೆ ಸಾಗಿಸುತ್ತಾರೆ. ಬೆನ್ನಿಗೆ ಆಸರೆಯಿಲ್ಲದ ಬೆಂಚು, ಮೂರು ಗಂಟೆ. ಹಾಡುಗಳು ಔಸ್‌ಬುಂಡ್ ಅನ್ನುವ ಸಂಗ್ರಹದವು, 16ನೇ ಶತಮಾನದಲ್ಲಿ ಸೆರೆಮನೆಯಲ್ಲಿದ್ದವರು ಕಟ್ಟಿದವೂ ಅದರಲ್ಲಿವೆ. ಸ್ವರಲಿಪಿ ಇಲ್ಲ. ಎರಡನೇ ಹಾಡು ಎಲ್ಲ ಕಡೆಯೂ ಒಂದೇ, ನಾಲ್ಕೇ ಚರಣದ ಸ್ತುತಿ, ಹಾಡಿ ಮುಗಿಸಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ನಮ್ಮ ವಿಲಂಬಿತ ಖಯಾಲು ಕೇಳಿ ಅಭ್ಯಾಸವಿದ್ದವರಿಗೆ ಒಂದೊಂದು ಅಕ್ಷರವನ್ನು ಎಳೆದೆಳೆದು ಹಾಡುವ ಆ ಕ್ರಮ ಅಷ್ಟು ಪರಕೀಯ ಅನ್ನಿಸದು. ಆಮೇಲೆ ಬ್ರೆಡ್ಡು, ಕಡಲೆಕಾಯಿಯ ಸಿಹಿ ಲೇಪ, ಉಪ್ಪಿನಲ್ಲಿ ಹಾಕಿದ ಸೌತೆ, ಕಾಫಿ.

ಭಾಷೆ ಇನ್ನೊಂದು ಗೋಡೆ. ಮನೆಮಾತು ಪೆನ್ಸಿಲ್ವೇನಿಯಾ ಜರ್ಮನ್, ಓದುವುದು ಹಳೆಯ ಗ್ರಂಥಸ್ಥ ಜರ್ಮನ್, ಇಂಗ್ಲಿಷ್ ಶಾಲೆಗೆ ಮತ್ತು ಹೊರಗಿನವರಿಗೆ. ನೀವು ಎದುರಿಗಿದ್ದರೆ ಮರ್ಯಾದೆಗೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಹಾಗೆ ಮಾತಾಡುವಷ್ಟು ಕಾಲವೂ ನೀವು ನೆಂಟರೇ. ಅಮೆರಿಕದಲ್ಲಿ ನಮ್ಮ ಕನ್ನಡ ಕೂಟಗಳಿಗೆ ಮದುವೆಯಾಗಿ ಬಂದ ಬೇರೆ ಭಾಷೆಯ ಸೊಸೆಯಂದಿರು ಮೂಲೆಯ ಕುರ್ಚಿಯಲ್ಲಿ ಕೂತು ನಗುನಗುತ್ತ ಇರುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇಷ್ಟು ಒಂದೆರಡು ವರ್ಷ ನಡೆದು, ಇವನು ನಿಲ್ಲುವ ಮನುಷ್ಯ ಅಂತ ಬಿಷಪ್ಪರಿಗೂ ಸಭೆಗೂ ಅನ್ನಿಸಿದರೆ ಪಾಠ ಶುರು. ಸಾಮಾನ್ಯವಾಗಿ ಬೇಸಗೆಯಲ್ಲಿ, ಅಲ್ಲಿಯ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರ ಜೊತೆ. 1632ರಲ್ಲಿ ಹಾಲೆಂಡಿನ ಡಾರ್ಡ್ರೆಕ್ಟ್‌ನಲ್ಲಿ ಒಪ್ಪಿದ ನಂಬಿಕೆಯ 18 ಅಂಶಗಳು, ಒಂದೊಂದು ಸಲಕ್ಕೆ ಎರಡರಂತೆ. ಸಭೆ ಹಾಡುತ್ತಿರುವಾಗ ಇವರನ್ನು ಪಕ್ಕದ ಕೋಣೆಗೆ ಕರೆದು ಹಿರಿಯರು ಬೋಧಿಸುತ್ತಾರೆ. ನಲವತ್ತು ದಾಟಿದ, ಗಡ್ಡ ನರೆತ, ಎಂಜಿನಿಯರಿಂಗ್ ಓದಿದ ಮನುಷ್ಯ ಆ ಮಕ್ಕಳ ಸಾಲಿನಲ್ಲಿ ತಲೆ ತಗ್ಗಿಸಿ ಕೂರಬೇಕು. ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನದ ಹಿಂದಿನ ದಿನ ಮತ್ತೊಮ್ಮೆ ಎಚ್ಚರಿಕೆ: ಮಾತು ಕೊಟ್ಟು ಮುರಿಯುವುದಕ್ಕಿಂತ ಕೊಡದೆ ಇರುವುದು ಮೇಲು, ಈಗಲೂ ಹಿಂದೆ ಸರಿಯಬಹುದು. ಗಂಡಸಾದರೆ ಇನ್ನೊಂದು ಮಾತನ್ನೂ ಕೊಡಬೇಕು, ಚೀಟಿ ತನ್ನ ಮೇಲೆ ಬಿದ್ದರೆ ಬೋಧಕನಾಗುತ್ತೇನೆ ಅಂತ. ಅಲ್ಲಿ ಬೋಧಕರನ್ನು ಆರಿಸುವುದು ಹಾಗೆಯೇ. ಸಭೆಯ ಗಂಡಸರು ಹೆಂಗಸರು ಸೂಚಿಸಿದ ಹೆಸರುಗಳ ಮುಂದೆ ಅಷ್ಟೇ ಸಂಖ್ಯೆಯ ಹಾಡಿನ ಪುಸ್ತಕಗಳನ್ನಿಟ್ಟು, ಒಂದರೊಳಗೆ ಚೀಟಿ ಇಟ್ಟಿರುತ್ತಾರೆ. ಯಾರ ಪುಸ್ತಕದಲ್ಲಿ ಸಿಕ್ಕಿತೋ ಅವನು ಜೀವಮಾನವಿಡೀ ಬೋಧಕ. ಸಂಬಳವಿಲ್ಲ, ತರಬೇತಿಯಿಲ್ಲ, ರಾಜೀನಾಮೆಯೂ ಇಲ್ಲ. ಚೀಟಿ ಸಿಕ್ಕವನ ಮನೆಯವರು ಅಳುವುದುಂಟು.

ಇಲ್ಲಿಯ ತನಕ ಬಂದವರು ಉಡುಗೆಯ ಅಂದಕ್ಕೋ ಹಳ್ಳಿಯ ಮೌನಕ್ಕೋ ಬಂದವರಾಗಿರುವುದಿಲ್ಲ. ಕ್ರಿಸ್ತನಲ್ಲಿ ನಂಬಿಕೆಯಿಲ್ಲದೆ ಕುದುರೆಗಾಡಿ ಮಾತ್ರ ಬೇಕು ಅನ್ನುವವರಿಗೆ ಅವರ ಹತ್ತಿರ ಹೇಳಲು ಏನೂ ಇಲ್ಲ. ಗೆಳೆಯನಿಗೆ ಇದನ್ನು ಹೇಳಿದಾಗ "ಅದೊಂದನ್ನ ಅಡ್ಜಸ್ಟ್ ಮಾಡ್ಕೊಳ್ಳೋಕೆ ಆಗಲ್ವಾ" ಅಂತ ಯಾವ ಅರ್ಥದಲ್ಲಿ ಕೇಳಿದನೋ, ಅವರು ಮಾಡಿಕೊಳ್ಳಬೇಕೋ ಇವನೋ, ಸ್ಪಷ್ಟವಾಗಲಿಲ್ಲ.

ಬರುವವರಿಗೆ ದಾರಿ ಸುಲಭ ಮಾಡಿಕೊಡೋಣ ಅಂತ ಒಳಗಿನವರೇ ಒಬ್ಬರು ಹೊರಟಿದ್ದರು. ಎಲ್ಮೊ ಸ್ಟಾಲ್. ಕೆನಡಾದ ಒಂಟಾರಿಯೊ ಪ್ರಾಂತ್ಯದ ಏಲ್ಮರ್ ಎಂಬಲ್ಲಿ ಬಿಷಪ್ ಆಗಿದ್ದವರು. ಅಲ್ಲಿನ ಪಾಥ್‌ವೇ ಪ್ರಕಾಶನದ ಮಾಸಪತ್ರಿಕೆಯಲ್ಲಿ ಬರೆದು ಅಮಿಶ್ ಮನೆಮನೆಗೂ ಗೊತ್ತಿದ್ದವರು. ದೂರದಿಂದ ಹುಡುಕಿಕೊಂಡು ಬಂದವರು ಭಾಷೆಯ ಹೊಸ್ತಿಲಲ್ಲೇ ಮುಗ್ಗರಿಸುವುದು ಅವರಿಗೆ ಸರಿಕಾಣಲಿಲ್ಲ. 1990ರಲ್ಲಿ ತಮ್ಮ ಸಭೆ ಬಿಟ್ಟು ಟೆನೆಸಿಯ ಕುಕ್‌ವಿಲ್ ಬಳಿ ಹೊಸ ಸಮುದಾಯ ಕಟ್ಟಿದರು. ಕುದುರೆಗಾಡಿ, ಗಡ್ಡ, ಸಾದಾ ಉಡುಪು ಎಲ್ಲ ಹಾಗೇ, ಮಾತು ಮತ್ತು ಆರಾಧನೆ ಮಾತ್ರ ಇಂಗ್ಲಿಷಿನಲ್ಲಿ. ಜನ ಬಂದರು. ಅಮಿಶರು, ಅವರಿಗೆ ಹತ್ತಿರದ ಪಂಗಡವಾದ ಮೆನೊನೈಟರು, ಎಂದೂ ಇಂಥ ಬದುಕು ಕಾಣದ ನಗರದವರು. ಬೇರೆ ಕಡೆಗಳಲ್ಲೂ ಅದೇ ಮಾದರಿಯ ಗುಂಪುಗಳು ಎದ್ದವು. 1998ರಲ್ಲಿ ಸ್ಟಾಲ್ ಹಠಾತ್ತಾಗಿ ತೀರಿಕೊಂಡರು, ಇನ್ನೂ ಐವತ್ತೈದು ತುಂಬಿರಲಿಲ್ಲ. ಅವರು ಹೋದ ಮೇಲೆ ಕುಕ್‌ವಿಲ್ ಬಹಳ ಕಾಲ ಉಳಿಯಲಿಲ್ಲ. ಕೆಲವರು ಬೇರೆ ಸಾದಾ ಸಭೆಗಳಿಗೆ ಸೇರಿಕೊಂಡರು, ಕೆಲವರು ಎಲ್ಲಿಂದ ಬಂದಿದ್ದರೋ ಅಲ್ಲಿಗೆ.

ಇದರ ಬಗ್ಗೆ ನನಗೊಂದು ಅನುಮಾನ. ಭಾಷೆಯ ಗೋಡೆ ತೆಗೆದದ್ದೇ ತಪ್ಪಾಯಿತು ಅನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ಅಲ್ಲಿದ್ದವರಲ್ಲಿ ಬಹಳ ಮಂದಿ ಆರಿಸಿಕೊಂಡು ಬಂದವರು. ಒಬ್ಬೊಬ್ಬರ ತಲೆಯಲ್ಲೂ ಸರಿಯಾದ ಬದುಕಿನ ಒಂದೊಂದು ನಕ್ಷೆ. ಆ ನಕ್ಷೆಗಳನ್ನೆಲ್ಲ ಒಂದು ಮಾಡಿ ಹಿಡಿದಿದ್ದು ಒಬ್ಬ ಮನುಷ್ಯನ ವ್ಯಕ್ತಿತ್ವ. ಹಳೆಯ ಸಭೆಗಳಲ್ಲಿ ಆ ಕೆಲಸವನ್ನು ಅತ್ತೆ, ಸೋದರಮಾವ, ಅಕ್ಕನ ಗಂಡ, ಅಜ್ಜನ ಕಾಲದ ಜಗಳ, ಮೂರು ತಲೆಮಾರಿನ ಮದುವೆ ಸಂಬಂಧ ಎಲ್ಲ ಸೇರಿ ಮಾಡುತ್ತವೆ. ಸಿಟ್ಟು ಬಂದರೂ ಬಿಟ್ಟು ಹೋಗಲು ಜಾಗವಿಲ್ಲ.

ಬಿಟ್ಟು ಹೋದರೆ ಏನಾಗುತ್ತದೆ ಅನ್ನುವುದನ್ನೂ ಸೇರುವ ಮೊದಲೇ ತಿಳಿದಿರಬೇಕು. ದೀಕ್ಷೆ ತೆಗೆದುಕೊಳ್ಳದ ಹುಡುಗ ಮನೆಬಿಟ್ಟರೆ ಬೇಜಾರು, ಅಷ್ಟೇ. ದೀಕ್ಷೆ ತೆಗೆದುಕೊಂಡು ಬಿಟ್ಟರೆ ಬಹಿಷ್ಕಾರ: ಒಂದೇ ಮೇಜಿನಲ್ಲಿ ಊಟವಿಲ್ಲ, ಅನೇಕ ಕಡೆ ಕೈಯಿಂದ ಕೈಗೆ ವಸ್ತು ತೆಗೆದುಕೊಳ್ಳುವುದೂ ಇಲ್ಲ. ಬಹಿಷ್ಕಾರ ಎಷ್ಟು ಬಿಗಿಯಾಗಿರಬೇಕು ಅನ್ನುವ ಜಗಳದಲ್ಲೇ 1693ರಲ್ಲಿ ಯಾಕೊಬ್ ಅಮ್ಮಾನ್ ಅನ್ನುವ ಮುಖಂಡ ತನ್ನ ಜೊತೆಯವರಿಂದ ಬೇರೆಯಾದದ್ದು, ಅಮಿಶರು ಹುಟ್ಟಿದ್ದು. ಅದು ಅವರಿಗೆ ಬಿಡಬಹುದಾದ ಹಳೆಯ ರೂಢಿಯಲ್ಲ.

ಮಕ್ಕಳಿರುವವರು ಇನ್ನೂ ಯೋಚಿಸಬೇಕು. ಓದು ಎಂಟನೇ ತರಗತಿಗೆ ಮುಗಿಯುತ್ತದೆ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ವಿಸ್ಕಾನ್ಸಿನ್ ರಾಜ್ಯದ ಮೊಕದ್ದಮೆಯೊಂದರಲ್ಲಿ, ಅದಕ್ಕಿಂತ ಮುಂದೆ ಓದಿಸುವಂತೆ ಅಮಿಶ್ ತಂದೆತಾಯಿಯನ್ನು ಒತ್ತಾಯಿಸಬಾರದು ಅಂದಿತು. ನಲವತ್ತರಲ್ಲಿ ದಣಿದ ತಂದೆ ತನಗೆ ಬೇಕಾದ ವಿಶ್ರಾಂತಿಗೆ ಹದಿಮೂರರ ಮಗಳ ಹೈಸ್ಕೂಲನ್ನು ಬೆಲೆಯಾಗಿ ಕೊಡಬಹುದೇ? ನನ್ನ ಮಟ್ಟಿಗೆ ಕೊಡಬಾರದು. ವಿಮೆ ಇಲ್ಲ, ಸ್ವಂತ ದುಡಿಮೆಯ ಅಮಿಶರಿಗೆ 1965ರಿಂದ ಸರ್ಕಾರದ ಸಾಮಾಜಿಕ ಭದ್ರತೆಯ ತೆರಿಗೆಯಿಂದ ವಿನಾಯಿತಿ ಸಿಕ್ಕಿದೆ, ಅದರ ಜೊತೆ ಅದರ ಪಿಂಚಣಿಯೂ ಹೋಯಿತು. ಕಾಯಿಲೆ ಬಂದರೆ ಸಭೆ ದುಡ್ಡು ಕೂಡಿಸುತ್ತದೆ, ನಿಜವಾಗಿಯೂ ಕೂಡಿಸುತ್ತದೆ, ಕೊಟ್ಟಿಗೆ ಸುಟ್ಟರೆ ನೂರಾರು ಜನ ಬಂದು ಎಬ್ಬಿಸುತ್ತಾರೆ. 2006ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್‌ನ ಅಮಿಶ್ ಶಾಲೆಯಲ್ಲಿ ಐದು ಹುಡುಗಿಯರನ್ನು ಗುಂಡಿಟ್ಟು ಕೊಂದವನ ಮನೆಗೇ ಆ ದಿನಗಳಲ್ಲಿ ಸಾಂತ್ವನ ಹೇಳಲು ಹೋದವರು ಇವರು. ಅದೇ ಕ್ಷಮೆಯ ಹೆಸರಿನಲ್ಲಿ, ಮನೆಯೊಳಗಿನ ಲೈಂಗಿಕ ದೌರ್ಜನ್ಯವನ್ನು ಪೊಲೀಸರಿಗೆ ಹೇಳದೆ ಸಭೆಯಲ್ಲೇ ತಪ್ಪೊಪ್ಪಿಸಿ ಮುಗಿಸಿದ ಪ್ರಕರಣಗಳೂ ನ್ಯಾಯಾಲಯಗಳಲ್ಲಿ ಹೊರಬಂದಿವೆ. ಎರಡನ್ನೂ ನೋಡದೆ ಹೊರಡುವುದು ಪ್ರವಾಸಿಯ ಕಣ್ಣು.

ಬರ್ಲಿನ್ ಊರಿನ ಹೊರಗೊಂದು ಕಟ್ಟಡದಲ್ಲಿ ಹೈಂಜ್ ಗಾಗೆಲ್ ಬರೆದ ದುಂಡನೆಯ ಭಾರೀ ವರ್ಣಚಿತ್ರವಿದೆ, 265 ಅಡಿ ಉದ್ದ, ಸುತ್ತಲೂ ಅಮಿಶರ, ಅವರ ಪೂರ್ವಿಕರ ಕಥೆ. ಹೋಮ್ಸ್ ಕೌಂಟಿಗೆ ಹೋದ ನಮ್ಮವರಲ್ಲಿ ಹೆಚ್ಚಿನವರು ಅದನ್ನು ಬಿಟ್ಟು ಚೀಸಿನಂಗಡಿಗೆ ಹೋಗುತ್ತಾರೆ. ಆ ಕಥೆ ತಿರುಗುವುದು 1525ರ ಜನವರಿಯ ಜ್ಯೂರಿಕ್‌ನಲ್ಲಿ. ಒಂದು ರಾತ್ರಿ, ಫೆಲಿಕ್ಸ್ ಮಾಂಜ್‌ನ ಮನೆ. ಪಾದ್ರಿಯಾಗಿದ್ದ ಜಾರ್ಜ್ ಬ್ಲೌರಾಕ್ ಎದ್ದು ನಿಂತು, ತನಗೆ ದೀಕ್ಷಾಸ್ನಾನ ಕೊಡುವಂತೆ ಕಾನ್ರಾಡ್ ಗ್ರೀಬೆಲ್‌ನನ್ನು ಕೇಳಿದ. ಕೂಸಾಗಿದ್ದಾಗ ಎಲ್ಲರಿಗೂ ಆಗಿಯೇ ಇತ್ತು. ಬುದ್ಧಿ ಬಂದ ಮೇಲೆ ತಾನಾಗಿ ಒಪ್ಪಿ ತೆಗೆದುಕೊಂಡದ್ದಷ್ಟೇ ದೀಕ್ಷೆ ಅನ್ನುವುದು ಅವರ ಹಟ. ಎರಡು ವರ್ಷಕ್ಕೆ ಮಾಂಜ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು, 1529ರಲ್ಲಿ ಬ್ಲೌರಾಕ್‌ನನ್ನು ಸುಟ್ಟರು. ಅಂದರೆ ಆ ಕೋಣೆಯಲ್ಲಿದ್ದವರೆಲ್ಲ ಊರಿನ ಕಟ್ಟಳೆ ತಮಗೆ ಒಪ್ಪಿಗೆಯಾಗದೆ ಹೊರಬಂದವರು. ಇವತ್ತಿನ ಸಭೆಯ ಬಾಗಿಲಲ್ಲಿ ಅಂಥವನೊಬ್ಬ ನಿಂತರೆ ಹಿರಿಯರು ಹುಬ್ಬೇರಿಸುತ್ತಾರೆ, ಎಷ್ಟು ದಿನ ನಿಲ್ಲುತ್ತಾನೋ ನೋಡೋಣ ಅಂತ. ಅವರ ಅನುಭವ ಅವರಿಗೆ ಕಲಿಸಿದ್ದು ಅದನ್ನೇ, ತಪ್ಪೆನ್ನಲಾರೆ. ಯಾಕೊಬ್ ಅಮ್ಮಾನ್ ಕೂಡ ಸರ್ಕಾರಿ ಚರ್ಚಿನಲ್ಲಿ ಹುಟ್ಟಿ, ದೊಡ್ಡವನಾದ ಮೇಲೆ ಈ ಕಡೆ ಬಂದ ದರ್ಜಿ.

ಬಂದು ನಿಂತವರೂ ಇದ್ದಾರೆ. ಅಮಿಶರ ಇತಿಹಾಸಕಾರ ಡೇವಿಡ್ ಲೂಥಿ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಓದಿದ ಕ್ಯಾಥೊಲಿಕ್. ಸ್ಟಾಲ್ ಬಿಟ್ಟುಹೋದ ಅದೇ ಏಲ್ಮರ್‌ನಲ್ಲಿ ಇವರು ಗ್ರಂಥಭಂಡಾರ ಕಟ್ಟಿದರು. 1986ರಲ್ಲಿ ಬಂದ ಅವರ ದೊಡ್ಡ ಪುಸ್ತಕದ ವಿಷಯ, 1840ರಿಂದ 1960ರವರೆಗೆ ಅಮೆರಿಕದಲ್ಲಿ ಅಮಿಶರು ಕಟ್ಟಿ ಉಳಿಸಿಕೊಳ್ಳಲಾಗದೆ ಬಿಟ್ಟುಹೋದ ಊರುಗಳು. ಹೊರಗಿನಿಂದ ಬಂದ ಒಬ್ಬರು ಒಳಗಿನವರ ಸೋಲುಗಳನ್ನು ಇಷ್ಟು ತಾಳ್ಮೆಯಿಂದ ದಾಖಲಿಸಿದ್ದು, ಅದನ್ನು ಒಳಗಿನವರೇ ಜೋಪಾನವಾಗಿ ಇಟ್ಟುಕೊಂಡದ್ದು ನನಗೆ ಬಹಳ ಹಿಡಿಸಿತು.

ಸಾಧಾರಣವಾಗಿ ಬಂದವರ ಗುರುತು ಮುಂದಿನ ತಲೆಮಾರಿಗೇ ಅಳಿಸಿಹೋಗುತ್ತದೆ. ಮಕ್ಕಳು ಆ ಭಾಷೆಯಲ್ಲೇ ಜಗಳವಾಡುತ್ತ ಬೆಳೆಯುತ್ತಾರೆ, ಅಲ್ಲೇ ಮದುವೆಯಾಗುತ್ತಾರೆ. ಉಳಿಯುವುದು ಅಡ್ಡಹೆಸರು ಮಾತ್ರ; ಯೋಡರ್, ಮಿಲ್ಲರ್, ಬೈಲರ್‌ಗಳ ನಡುವೆ ಎಲ್ಲಿಂದ ಬಂತು ಇದು ಅನ್ನಿಸುವ ಒಂದು ಹೆಸರು. ಲ್ಯಾಂಕಾಸ್ಟರ್‌ನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಅಡ್ಡಹೆಸರು ಸ್ಟಾಲ್ಟ್ಸ್‌ಫಸ್. ಅಂಗಡಿ ಬೋರ್ಡು, ಟಪಾಲು ಡಬ್ಬಿ, ಎಲ್ಲಿ ನೋಡಿದರೂ ಅದೇ. ಆ ಮನೆತನದ ಮೂಲಪುರುಷ ನಿಕೊಲಸ್ ಸ್ಟಾಲ್ಟ್ಸ್‌ಫಸ್ 1766ರಲ್ಲಿ ಜರ್ಮನಿಯಿಂದ ಹಡಗು ಹತ್ತಿ ಬಂದವನು. ಹುಟ್ಟಿನಿಂದ ಲೂಥರನ್, ಅಮಿಶರ ಹುಡುಗಿಯನ್ನು ಮದುವೆಯಾಗಲು ಅಧಿಕಾರಿಗಳಿಗೆ ಅರ್ಜಿ ಹಾಕಿ, ಅವರಲ್ಲೊಬ್ಬನಾದ.